ಜಾನ್ ವಾನ್ ನ್ಯೂಮನ್

ಜಾನ್ ವಾನ್ ನ್ಯೂಮನ್ (ಡಿಸೆಂಬರ್ ೨೮, ೧೯೦೩ – ಫೆಬ್ರವರಿ ೮, ೧೯೫೭) ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞರು ಹಾಗೂ ಗಣಕವಿಜ್ಞಾನದ ಪ್ರವರ್ತಕರಲ್ಲಿ ಒಬ್ಬರು. ಶುದ್ಧ ಗಣಿತ, ಕ್ವಾಂಟಮ್ ಭೌತಶಾಸ್ತ್ರ, ಅರ್ಥಶಾಸ್ತ್ರ, ಹವಾಮಾನ ವಿಜ್ಞಾನ ಮತ್ತು ಗಣಕಯಂತ್ರಗಳ ವಿನ್ಯಾಸ, ಈ ಎಲ್ಲ ಕ್ಷೇತ್ರಗಳಿಗೂ ಇವರು ಮಹತ್ವದ ಕೊಡುಗೆ ಸಲ್ಲಿಸಿದ್ದಾರೆ. ಇಂದು ಬಳಕೆಯಲ್ಲಿರುವ ಬಹುಪಾಲು ಗಣಕಯಂತ್ರಗಳ ಒಳರಚನೆಯನ್ನು ಇವರ ಹೆಸರಿನಿಂದಲೇ ‘ವಾನ್ ನ್ಯೂಮನ್ ವಿನ್ಯಾಸ’ ಎಂದು ಕರೆಯಲಾಗುತ್ತದೆ. ಈ ವಿನ್ಯಾಸದಲ್ಲಿ ಲೆಕ್ಕ ಮಾಡುವ ಭಾಗವೂ ನೆನಪಿಟ್ಟುಕೊಳ್ಳುವ ಭಾಗವೂ ಬೇರೆ ಬೇರೆಯಾಗಿರುತ್ತವೆ.

ಕೃತಕ ಬುದ್ಧಿಮತ್ತೆಯ ಯಂತ್ರಗಳು ಅಪಾರ ವಿದ್ಯುತ್ತನ್ನು ಬಳಸುತ್ತಿರುವ ಇಂದಿನ ದಿನಗಳಲ್ಲಿ, ಮಿದುಳಿನ ಮಾದರಿಯಲ್ಲಿ ಕೆಲಸ ಮಾಡುವ ಮಿತವ್ಯಯದ ಯಂತ್ರಾಂಶವನ್ನು ರೂಪಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಈ ಪ್ರಯತ್ನವನ್ನು ವಾನ್ ನ್ಯೂಮನ್ ವಿನ್ಯಾಸಕ್ಕೆ ಪರ್ಯಾಯ ಎಂದು ವರ್ಣಿಸುವುದು ರೂಢಿ. ಆದರೆ ಮಿದುಳು ಮತ್ತು ಯಂತ್ರಗಳ ನಡುವಿನ ಶಕ್ತಿಬಳಕೆಯ ಅಂತರವನ್ನು ಲೆಕ್ಕಹಾಕಿ ತೋರಿಸಿದ ಮೊದಲಿಗರಲ್ಲಿ ವಾನ್ ನ್ಯೂಮನ್ ಅವರೇ ಒಬ್ಬರು. ಅವರು ಕೊನೆಯದಾಗಿ ಬರೆಯುತ್ತಿದ್ದ, ಮುಗಿಸಲಾಗದೆ ಹೋದ ಗ್ರಂಥದ ವಸ್ತು ಗಣಕಯಂತ್ರ ಮತ್ತು ಮಿದುಳಿನ ಹೋಲಿಕೆಯೇ ಆಗಿತ್ತು.

ಜನನ ಮತ್ತು ಬಾಲ್ಯ

ವಾನ್ ನ್ಯೂಮನ್ ಅವರು ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನಗರದ ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ ಜನಿಸಿದರು. ಹಂಗೇರಿಯ ಪದ್ಧತಿಯಂತೆ ಮನೆತನದ ಹೆಸರು ಮೊದಲು ಬರುವುದರಿಂದ ಅವರ ಮೂಲ ಹೆಸರು ನಾಯ್ಮನ್ ಯಾನೋಶ್ ಲಾಯೋಶ್. ತಂದೆ ಮಿಕ್ಸಾ ಬ್ಯಾಂಕ್ ಅಧಿಕಾರಿಗಳಾಗಿದ್ದರು, ತಾಯಿ ಮಾರ್ಗಿಟ್. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ೧೯೧೩ರಲ್ಲಿ ಆಸ್ಟ್ರಿಯಾ-ಹಂಗೇರಿಯ ಚಕ್ರವರ್ತಿಯು ತಂದೆಗೆ ಕುಲೀನ ಪದವಿಯನ್ನು ನೀಡಿದರು. ಹೆಸರಿನೊಡನೆ ಬರುವ ‘ವಾನ್’ ಎಂಬ ಜರ್ಮನ್ ಪದವು ಆ ಗೌರವದ ಕುರುಹು.

ಬಾಲ್ಯದಲ್ಲಿಯೇ ಅವರ ಸ್ಮರಣಶಕ್ತಿ ಮತ್ತು ಲೆಕ್ಕಮಾಡುವ ವೇಗ ಹಿರಿಯರನ್ನು ಬೆರಗುಗೊಳಿಸಿದ್ದವು. ಮನೆಯಲ್ಲಿಯೇ ಶಿಕ್ಷಕರಿಂದ ಹಲವು ಭಾಷೆಗಳನ್ನು ಕಲಿತರು. ಇತಿಹಾಸದ ಬೃಹತ್ ಸಂಪುಟಗಳನ್ನು ಓದುವ ಹವ್ಯಾಸವು ಆಗ ಆರಂಭವಾಗಿ ಜೀವನದ ಕೊನೆಯವರೆಗೂ ಉಳಿಯಿತು.

ವಿದ್ಯಾಭ್ಯಾಸ

೧೯೧೪ರಲ್ಲಿ ಅವರು ಬುಡಾಪೆಸ್ಟ್‌ನ ಲೂಥರನ್ ಪ್ರೌಢಶಾಲೆಯನ್ನು ಸೇರಿದರು. ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಯೂಜೀನ್ ವಿಗ್ನರ್ ಅದೇ ಶಾಲೆಯಲ್ಲಿ ಒಂದು ತರಗತಿ ಮುಂದಿದ್ದರು. ಶಾಲೆಯ ಗಣಿತ ಶಿಕ್ಷಕ ಲಾಸ್ಲೋ ರಾಟ್ಸ್ ಅವರು ಬಾಲಕನ ಅಸಾಧಾರಣ ಪ್ರತಿಭೆಯನ್ನು ಬೇಗನೆ ಗುರುತಿಸಿದರು. ಈ ವಿದ್ಯಾರ್ಥಿಗೆ ತರಗತಿಯ ಪಾಠ ಸಾಲದೆಂದು ಮನಗಂಡು, ವಿಶ್ವವಿದ್ಯಾಲಯದ ಗಣಿತಜ್ಞರಿಂದ ವಿಶೇಷ ಪಾಠ ಕೊಡಿಸುವಂತೆ ತಂದೆಗೆ ಸಲಹೆ ನೀಡಿದರು. ಹೀಗೆ ಪಾಠ ಹೇಳಿದವರಲ್ಲಿ ಮುಂದೆ ಪ್ರಸಿದ್ಧರಾದ ಗಾಬೋರ್ ಸೆಗೋ ಒಬ್ಬರು. ಶಾಲೆ ಮುಗಿಯುವ ವೇಳೆಗೆ ವಾನ್ ನ್ಯೂಮನ್ ಅವರು ಗಣಿತಜ್ಞ ಫೆಕೆಟೆ ಅವರೊಡನೆ ತಮ್ಮ ಮೊದಲ ಸಂಶೋಧನ ಲೇಖನವನ್ನು ಸಿದ್ಧಪಡಿಸಿದ್ದರು.

ಗಣಿತದಿಂದ ಜೀವನೋಪಾಯ ಕಷ್ಟವೆಂಬುದು ತಂದೆಯ ಅಭಿಪ್ರಾಯವಾಗಿತ್ತು. ಆದ್ದರಿಂದ ರಾಸಾಯನಿಕ ಎಂಜಿನಿಯರಿಂಗ್ ಮತ್ತು ಗಣಿತ ಎರಡನ್ನೂ ಏಕಕಾಲದಲ್ಲಿ ಕಲಿಯುವ ಏರ್ಪಾಡಾಯಿತು. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರವನ್ನು ಓದಿ, ಅನಂತರ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವನ್ನು ಸೇರಿದರು. ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೆ ಹೆಸರು ನೋಂದಾಯಿಸಿ ಮುಖ್ಯವಾಗಿ ಪರೀಕ್ಷೆಗಳಿಗಷ್ಟೇ ಅಲ್ಲಿಗೆ ಹೋಗುತ್ತಿದ್ದರು. ೧೯೨೬ರಲ್ಲಿ ಜ್ಯೂರಿಕ್‌ನಿಂದ ಎಂಜಿನಿಯರಿಂಗ್ ಪದವಿಯನ್ನೂ ಬುಡಾಪೆಸ್ಟ್‌ನಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಸಿದ್ಧಾಂತ ಮತ್ತು ಯಂತ್ರ ಇವೆರಡರಲ್ಲೂ ಸಮಾನವಾದ ಆಸಕ್ತಿ ಅವರಲ್ಲಿ ಕೊನೆಯವರೆಗೂ ಕಂಡುಬರುತ್ತದೆ.

ಗಣಿತ ಮತ್ತು ಭೌತಶಾಸ್ತ್ರದಲ್ಲಿ ಸಾಧನೆ

ಡಾಕ್ಟರೇಟ್ ಪಡೆದ ಬಳಿಕ ಅವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡೇವಿಡ್ ಹಿಲ್ಬರ್ಟ್ ಅವರ ಬಳಿ ಕೆಲಸ ಮಾಡಿದರು. ಅನಂತರ ಬರ್ಲಿನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಬೋಧಿಸಿದರು. ೧೯೨೮ರಲ್ಲಿ ಪ್ರಕಟವಾದ ಅವರ ಲೇಖನವು ಆಟದ ಸಿದ್ಧಾಂತಕ್ಕೆ ತಳಹದಿ ಹಾಕಿತು. ೧೯೩೨ರಲ್ಲಿ ಹೊರಬಂದ ಜರ್ಮನ್ ಗ್ರಂಥದಲ್ಲಿ ಕ್ವಾಂಟಮ್ ಭೌತಶಾಸ್ತ್ರಕ್ಕೆ ದೃಢವಾದ ಗಣಿತದ ಚೌಕಟ್ಟನ್ನು ಒದಗಿಸಿದರು.

೧೯೩೦ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸಂದರ್ಶಕರಾಗಿ ತೆರಳಿದರು. ೧೯೩೩ರಲ್ಲಿ ಅದೇ ಊರಿನ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕರಾದರು. ಆಲ್ಬರ್ಟ್ ಐನ್‌ಸ್ಟೈನ್ ಅವರೂ ಆಗ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಆರಂಭವಾಗಿ ಯಹೂದಿ ವಿದ್ವಾಂಸರು ಸ್ಥಾನಗಳನ್ನು ಕಳೆದುಕೊಳ್ಳುತ್ತಿದ್ದ ಕಾಲವದು. ವಾನ್ ನ್ಯೂಮನ್ ೧೯೩೭ರಲ್ಲಿ ಅಮೆರಿಕದ ಪೌರತ್ವ ಪಡೆದರು. ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರೊಡನೆ ನಕ್ಷತ್ರಗಳ ಗುರುತ್ವ ಕ್ಷೇತ್ರದ ಬಗ್ಗೆ ಜಂಟಿಯಾಗಿ ಲೇಖನಗಳನ್ನು ಬರೆದರು. ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡನೆ ರಚಿಸಿದ ಆಟದ ಸಿದ್ಧಾಂತ ಮತ್ತು ಆರ್ಥಿಕ ವರ್ತನೆಯ ಕುರಿತ ಗ್ರಂಥ ೧೯೪೪ರಲ್ಲಿ ಪ್ರಕಟವಾಯಿತು.

ಅವರು ಎರಡು ಬಾರಿ ವಿವಾಹವಾದರು. ಮೊದಲ ಪತ್ನಿ ಮರಿಯೆಟ್ ಕೊವೇಶಿ. ಈ ದಂಪತಿಗೆ ೧೯೩೫ರಲ್ಲಿ ಮರೀನಾ ಎಂಬ ಮಗಳು ಜನಿಸಿದಳು. ವಿಚ್ಛೇದನದ ಬಳಿಕ ೧೯೩೮ರಲ್ಲಿ ಕ್ಲಾರಾ ಡಾನ್ ಅವರನ್ನು ವರಿಸಿದರು. ಕ್ಲಾರಾ ಅವರೂ ಗಣಕಯಂತ್ರಗಳಿಗೆ ಕ್ರಮವಿಧಿ ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರು.

ಯುದ್ಧಕಾಲದ ಕೆಲಸ

ಎರಡನೆಯ ಮಹಾಯುದ್ಧದ ಸಮಯದಲ್ಲಿ ವಾನ್ ನ್ಯೂಮನ್ ಸ್ಫೋಟಗಳ ಗಣಿತದಲ್ಲಿ ಪರಿಣತರಾದರು. ೧೯೪೩ರಿಂದ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬ್ ನಿರ್ಮಾಣದ ಯೋಜನೆಗೆ ಸಲಹೆಗಾರರಾಗಿ, ಪ್ಲುಟೋನಿಯಂ ಗೋಲವನ್ನು ಸುತ್ತಲಿನ ಸ್ಫೋಟಕಗಳಿಂದ ಒಳಮುಖವಾಗಿ ಅದುಮುವ ವಿಧಾನಕ್ಕೆ ಅಗತ್ಯವಾದ ಲೆಕ್ಕಾಚಾರಗಳಲ್ಲಿ ಪ್ರಮುಖ ಪಾತ್ರ ವಹಿಸಿದರು. ನಾಗಸಾಕಿಯ ಮೇಲೆ ಹಾಕಿದ ಬಾಂಬ್ ಈ ವಿಧಾನದ್ದು. ಬಾಂಬ್ ಹಾಕಬೇಕಾದ ಸ್ಥಳಗಳನ್ನು ಸೂಚಿಸಿದ ಸಮಿತಿಯಲ್ಲಿಯೂ ಅವರಿದ್ದರು. ಯುದ್ಧಾನಂತರ ಜಲಜನಕ ಬಾಂಬಿನ ಕೆಲಸವನ್ನು ಬೆಂಬಲಿಸಿದರು ಮತ್ತು ಸೋವಿಯತ್ ಒಕ್ಕೂಟದ ವಿಷಯದಲ್ಲಿ ಬಹಳ ಕಠಿಣವಾದ ನಿಲುವು ತಳೆದರು. ಅವರ ಜೀವನದ ಈ ಭಾಗವು ಇಂದಿಗೂ ಟೀಕೆಗೆ ಒಳಗಾಗುತ್ತಿದೆ.

ಈ ಕೆಲಸಕ್ಕೆ ಬೇಕಾದ ಲೆಕ್ಕಗಳು ಕೈಯಿಂದ ಮಾಡಲಾಗದಷ್ಟು ದೀರ್ಘವಾಗಿದ್ದವು. ವೇಗದ ಯಂತ್ರಗಳಿಗಾಗಿ ಅವರು ಹುಡುಕುತ್ತಿದ್ದಾಗ, ೧೯೪೪ರ ಬೇಸಿಗೆಯಲ್ಲಿ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಸೇನೆಯ ಗಣಿತಜ್ಞ ಹರ್ಮನ್ ಗೋಲ್ಡ್‌ಸ್ಟೈನ್ ಅವರ ಭೇಟಿಯಾಯಿತು. ಫಿಲಡೆಲ್ಫಿಯಾದಲ್ಲಿ ‘ಎನಿಯಾಕ್’ ಎಂಬ ವಿದ್ಯುನ್ಮಾನ ಗಣಕಯಂತ್ರವು ನಿರ್ಮಾಣವಾಗುತ್ತಿರುವ ಸಂಗತಿ ಅವರಿಗೆ ಆಗ ತಿಳಿಯಿತು. ಸುಮಾರು ೧೮,೦೦೦ ನಿರ್ವಾತ ನಳಿಕೆಗಳಿದ್ದ ಆ ಯಂತ್ರವು ಸುಮಾರು ೧೫೦ ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಹೊಸ ಲೆಕ್ಕಕ್ಕೆ ಅಣಿಗೊಳಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಜೋಡಿಸಬೇಕಾಗಿತ್ತು.

ಎಡ್ವಾಕ್ ವರದಿ ಮತ್ತು ವಾನ್ ನ್ಯೂಮನ್ ವಿನ್ಯಾಸ

ಎನಿಯಾಕ್ ನಿರ್ಮಿಸಿದ ಜೆ. ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ ಅವರ ತಂಡವು ‘ಎಡ್ವಾಕ್’ ಎಂಬ ಮುಂದಿನ ಯಂತ್ರದ ಬಗ್ಗೆ ಚಿಂತನೆ ನಡೆಸುತ್ತಿತ್ತು. ವಾನ್ ನ್ಯೂಮನ್ ಆ ಚರ್ಚೆಗಳಲ್ಲಿ ಭಾಗವಹಿಸಿ, ಅದರ ತರ್ಕವಿನ್ಯಾಸವನ್ನು ಕುರಿತು ವರದಿಯ ಕರಡನ್ನು ಬರೆದರು. ೧೦೧ ಪುಟಗಳ ಈ ಕರಡು ೧೯೪೫ರ ಜೂನ್ ೩೦ರ ದಿನಾಂಕದೊಡನೆ ಹಂಚಿಕೆಯಾಯಿತು. ಲೆಕ್ಕ ಮಾಡುವ ಭಾಗ, ನಿಯಂತ್ರಿಸುವ ಭಾಗ, ಸ್ಮೃತಿ, ಒಳಹಾಕುವ ಭಾಗ, ಹೊರನೀಡುವ ಭಾಗ ಎಂದು ಯಂತ್ರವನ್ನು ಅದರಲ್ಲಿ ವಿಂಗಡಿಸಲಾಗಿತ್ತು. ದತ್ತಾಂಶವೂ ಕ್ರಮವಿಧಿಯೂ ಒಂದೇ ಸ್ಮೃತಿಯಲ್ಲಿ ಇರುತ್ತವೆ. ಆದೇಶಗಳನ್ನು ಒಂದೊಂದಾಗಿ ಸ್ಮೃತಿಯಿಂದ ತಂದು ಪಾಲಿಸಲಾಗುತ್ತದೆ. ಹೀಗಾಗಿ ಹೊಸ ಲೆಕ್ಕಕ್ಕೆ ತಂತಿಗಳನ್ನು ಬದಲಿಸಬೇಕಾಗಿಲ್ಲ, ಹೊಸ ಆದೇಶಗಳನ್ನು ಸ್ಮೃತಿಗೆ ತುಂಬಿದರೆ ಸಾಕು.

ಈ ವರದಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಾನ್ ನ್ಯೂಮನ್ ಅವರು ಯಂತ್ರದ ಭಾಗಗಳನ್ನು ದೇಹದ ಅಂಗಗಳಂತೆ ಅಂಗಗಳೆಂದೇ ಕರೆದರು ಮತ್ತು ನಳಿಕೆಗಳನ್ನು ನರಕೋಶಗಳಿಗೆ ಹೋಲಿಸಿದರು. ವರದಿಯಲ್ಲಿ ಅವರು ಹೆಸರಿಸಿದ ಏಕೈಕ ಪ್ರಕಟಿತ ಲೇಖನವೆಂದರೆ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ೧೯೪೩ರಲ್ಲಿ ಬರೆದದ್ದು. ಸರಳೀಕರಿಸಿದ ನರಕೋಶಗಳ ಜಾಲವು ತರ್ಕದ ಕ್ರಿಯೆಗಳನ್ನು ನಡೆಸಬಲ್ಲದೆಂದು ಆ ಲೇಖನವು ತೋರಿಸಿತ್ತು. ಅಂದರೆ ಇಂದು ಮಿದುಳಿಗೆ ವಿರುದ್ಧವಾದದ್ದೆಂದು ಹೇಳಲಾಗುವ ಗಣಕ ವಿನ್ಯಾಸವು ಮೊದಲು ಕಾಗದದ ಮೇಲೆ ಮೂಡಿದ್ದು ನರಕೋಶದ ಭಾಷೆಯಲ್ಲಿಯೇ.

ಶ್ರೇಯಸ್ಸಿನ ವಿವಾದ

ಗೋಲ್ಡ್‌ಸ್ಟೈನ್ ಅವರು ವರದಿಯನ್ನು ವಾನ್ ನ್ಯೂಮನ್ ಒಬ್ಬರ ಹೆಸರಿನಲ್ಲಿಯೇ ಹಂಚಿದರು. ಇದರಿಂದ ಎಕರ್ಟ್ ಮತ್ತು ಮಾಕ್ಲಿ ಅವರಿಗೆ ತೀವ್ರ ಅಸಮಾಧಾನವಾಯಿತು. ಕ್ರಮವಿಧಿಯನ್ನು ಸ್ಮೃತಿಯಲ್ಲಿ ಸಂಗ್ರಹಿಸುವ ವಿಚಾರವು ವಾನ್ ನ್ಯೂಮನ್ ಬರುವ ಮೊದಲೇ ತಮ್ಮ ತಂಡದಲ್ಲಿ ಚರ್ಚೆಯಾಗಿತ್ತೆಂಬುದು ಅವರ ವಾದವಾಗಿತ್ತು. ೧೯೭೩ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಎನಿಯಾಕ್ ಹಕ್ಕುಸ್ವಾಮ್ಯವನ್ನು ಅಸಿಂಧುಗೊಳಿಸಿದಾಗ, ಈ ಕರಡು ಮೊದಲೇ ಹಂಚಿಕೆಯಾಗಿದ್ದದ್ದೂ ಅದಕ್ಕೆ ಒಂದು ಕಾರಣವಾಯಿತು. ಈ ವಿನ್ಯಾಸವು ಹಲವರ ಕೂಡುಕೆಲಸದ ಫಲವೆಂದೂ, ಅದಕ್ಕೆ ಸ್ಪಷ್ಟವಾದ ತಾರ್ಕಿಕ ರೂಪವನ್ನು ನೀಡಿದವರು ವಾನ್ ನ್ಯೂಮನ್ ಎಂದೂ ಇಂದಿನ ಇತಿಹಾಸಕಾರರಲ್ಲಿ ಅನೇಕರು ಅಭಿಪ್ರಾಯಪಡುತ್ತಾರೆ.

ಪ್ರಿನ್ಸ್‌ಟನ್ ಗಣಕಯಂತ್ರ

೧೯೪೬ರಲ್ಲಿ ವಾನ್ ನ್ಯೂಮನ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೇ ಗಣಕಯಂತ್ರವೊಂದನ್ನು ನಿರ್ಮಿಸುವ ಕಾರ್ಯ ಕೈಗೊಂಡರು. ಜೂಲಿಯನ್ ಬಿಗೆಲೋ ಅದರ ಮುಖ್ಯ ಎಂಜಿನಿಯರ್ ಆಗಿದ್ದರು. ೧೯೫೨ರಲ್ಲಿ ಸಾರ್ವಜನಿಕವಾಗಿ ಪರಿಚಯಿಸಲಾದ ಈ ಯಂತ್ರದ ಸ್ಮೃತಿಯಲ್ಲಿ ತಲಾ ೪೦ ಬಿಟ್‌ಗಳ ೧,೦೨೪ ಪದಗಳಿಗೆ ಸ್ಥಳವಿತ್ತು. ಇಂದಿನ ಲೆಕ್ಕದಲ್ಲಿ ಅದು ಕೇವಲ ೫ ಕಿಲೋಬೈಟ್. ಅಷ್ಟರಲ್ಲಿಯೇ ಜಲಜನಕ ಬಾಂಬಿನ ಲೆಕ್ಕದಿಂದ ಹಿಡಿದು ಹವಾಮಾನದ ಲೆಕ್ಕದವರೆಗೆ ಅನೇಕ ಕೆಲಸಗಳು ನಡೆದವು. ಇದಕ್ಕೂ ಮೊದಲು, ೧೯೫೦ರಲ್ಲಿ, ಜೂಲ್ ಚಾರ್ನಿ ಮತ್ತಿತರರೊಡನೆ ಅವರು ಎನಿಯಾಕ್ ಯಂತ್ರವನ್ನು ಬಳಸಿ ಹವಾಮಾನ ಮುನ್ಸೂಚನೆಯ ಲೆಕ್ಕವನ್ನು ನಡೆಸಿದ್ದರು. ೨೪ ಗಂಟೆಗಳ ಮುನ್ಸೂಚನೆಗೆ ಆಗ ಸರಿಸುಮಾರು ೨೪ ಗಂಟೆಗಳೇ ಹಿಡಿದಿದ್ದವು.

ಪ್ರಿನ್ಸ್‌ಟನ್ ಯಂತ್ರದ ವಿನ್ಯಾಸವನ್ನು ಗುಟ್ಟಾಗಿಡದೆ ಎಲ್ಲರಿಗೂ ದೊರೆಯುವಂತೆ ಮಾಡಲಾಯಿತು. ಅದನ್ನು ಅನುಸರಿಸಿ ಲಾಸ್ ಅಲಮೋಸ್, ಇಲಿನಾಯ್, ಇಸ್ರೇಲ್, ಸ್ವೀಡನ್, ಆಸ್ಟ್ರೇಲಿಯಾ ಮೊದಲಾದೆಡೆ ಯಂತ್ರಗಳು ನಿರ್ಮಾಣವಾದವು. ವಾನ್ ನ್ಯೂಮನ್ ವಿನ್ಯಾಸವು ಜಗತ್ತಿನಾದ್ಯಂತ ನೆಲೆಯೂರಲು ಈ ಉದಾರ ನೀತಿಯೂ ಮುಖ್ಯ ಕಾರಣ.

ಮಿದುಳಿನತ್ತ ಆಸಕ್ತಿ

ಯಂತ್ರ ನಿರ್ಮಾಣದ ಜೊತೆಯಲ್ಲಿಯೇ ವಾನ್ ನ್ಯೂಮನ್ ಮಿದುಳಿನ ಅಧ್ಯಯನದಲ್ಲಿ ತೊಡಗಿದರು. ನರವಿಜ್ಞಾನಿಗಳು, ಮನಶ್ಶಾಸ್ತ್ರಜ್ಞರು ಮತ್ತು ಎಂಜಿನಿಯರರು ಸೇರುತ್ತಿದ್ದ ಮೇಸಿ ಸಮ್ಮೇಳನಗಳಲ್ಲಿ ೧೯೪೬ರಿಂದ ಭಾಗವಹಿಸಿದರು. ಆದರೆ ಸುಲಭದ ಹೋಲಿಕೆಗಳಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ೧೯೪೬ರ ನವೆಂಬರ್‌ನಲ್ಲಿ ನಾರ್ಬರ್ಟ್ ವೀನರ್ ಅವರಿಗೆ ಬರೆದ ಪತ್ರದಲ್ಲಿ, ಜಗತ್ತಿನ ಅತ್ಯಂತ ಜಟಿಲ ವಸ್ತುಗಳಲ್ಲೊಂದಾದ ಮನುಷ್ಯನ ಮಿದುಳಿನಿಂದ ಅಧ್ಯಯನ ಆರಂಭಿಸಿದ್ದು ಸರಿಯೇ ಎಂಬ ಸಂಶಯವನ್ನು ವ್ಯಕ್ತಪಡಿಸಿ, ವೈರಸ್‌ಗಳಂಥ ಸರಳ ರಚನೆಗಳಿಂದ ಆರಂಭಿಸುವುದು ಮೇಲೆಂದು ಸೂಚಿಸಿದರು.

೧೯೪೮ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆದ ಹಿಕ್ಸನ್ ವಿಚಾರ ಸಂಕಿರಣದಲ್ಲಿ ಅವರು ಸ್ವಯಂಚಾಲಿತ ಯಂತ್ರಗಳ ಸಾಮಾನ್ಯ ಸಿದ್ಧಾಂತವನ್ನು ಮಂಡಿಸಿದರು. ಮನುಷ್ಯ ನಿರ್ಮಿಸಿದ ಯಂತ್ರಗಳ ಬಿಡಿಭಾಗಗಳು ನರಕೋಶಗಳಿಗಿಂತ ವೇಗವಾಗಿದ್ದರೂ, ಗಾತ್ರ ಮತ್ತು ಶಕ್ತಿಬಳಕೆಯಲ್ಲಿ ನಿಸರ್ಗವು ಬಹಳ ಮುಂದಿದೆ ಎಂಬುದನ್ನು ಅಲ್ಲಿಯೇ ಚರ್ಚಿಸಿದರು. ತನ್ನಂತೆಯೇ ಇನ್ನೊಂದನ್ನು ನಿರ್ಮಿಸಬಲ್ಲ ಯಂತ್ರದ ಕಲ್ಪನೆಯೂ ಈ ಉಪನ್ಯಾಸದಲ್ಲಿದೆ.

೧೯೪೯ರ ಡಿಸೆಂಬರ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಮಾಹಿತಿಯ ಒಂದು ಪ್ರಾಥಮಿಕ ಕ್ರಿಯೆಗೆ ಕನಿಷ್ಠ ಎಷ್ಟು ಶಕ್ತಿ ಬೇಕೆಂಬ ಪ್ರಶ್ನೆಯನ್ನು ಉಷ್ಣಶಾಸ್ತ್ರದ ನೆಲೆಯಿಂದ ಎತ್ತಿದರು. ನರಕೋಶಗಳೂ ನಳಿಕೆಗಳೂ ಆ ಕನಿಷ್ಠ ಮಿತಿಗಿಂತ ಅದೆಷ್ಟೋ ಪಟ್ಟು ಹೆಚ್ಚು ಶಕ್ತಿ ಬಳಸುತ್ತವೆಂದೂ, ಆದರೆ ಇವೆರಡರಲ್ಲಿ ನರಕೋಶವೇ ಬಹಳ ಮಿತವ್ಯಯಿ ಎಂದೂ ಅವರ ಲೆಕ್ಕ ತೋರಿಸಿತು. ಈ ಪ್ರಶ್ನೆಯನ್ನು ಮುಂದೆ ೧೯೬೧ರಲ್ಲಿ ರಾಲ್ಫ್ ಲ್ಯಾಂಡೌವರ್ ಪರಿಷ್ಕರಿಸಿ, ಆ ಕನಿಷ್ಠ ಶಕ್ತಿಯ ನಷ್ಟವು ಮಾಹಿತಿಯನ್ನು ಅಳಿಸುವಾಗ ಅನಿವಾರ್ಯವೆಂದು ಸ್ಪಷ್ಟಪಡಿಸಿದರು.

೧೯೫೨ರಲ್ಲಿ ಅವರು ಇನ್ನೊಂದು ಸಮಸ್ಯೆಯನ್ನು ಕೈಗೆತ್ತಿಕೊಂಡರು. ಮಿದುಳಿನ ನರಕೋಶಗಳು ಆಗಾಗ ತಪ್ಪುತ್ತವೆ, ಸಾಯುತ್ತವೆ. ಆದರೂ ಮಿದುಳು ನಿಲ್ಲುವುದಿಲ್ಲ. ಯಂತ್ರದಲ್ಲಾದರೋ ಒಂದು ನಳಿಕೆ ಕೆಟ್ಟರೆ ಇಡೀ ಲೆಕ್ಕ ಕೆಡುತ್ತದೆ. ಭರವಸೆಯಿಲ್ಲದ ಬಿಡಿಭಾಗಗಳಿಂದ ಭರವಸೆಯ ಯಂತ್ರವನ್ನು ಕಟ್ಟುವುದು ಹೇಗೆ? ಒಂದು ಸಂಕೇತವನ್ನು ಅನೇಕ ತಂತಿಗಳಲ್ಲಿ ಒಟ್ಟಿಗೆ ಕಳುಹಿಸಿ, ಬಹುಮತದಂತೆ ಉತ್ತರವನ್ನು ಆಯ್ದುಕೊಳ್ಳುವ ವಿಧಾನವನ್ನು ಅವರು ಗಣಿತದ ಮೂಲಕ ನಿರೂಪಿಸಿದರು.

ಗಣಕಯಂತ್ರ ಮತ್ತು ಮಿದುಳು ಕುರಿತ ಗ್ರಂಥ

೧೯೫೫ರ ಆರಂಭದಲ್ಲಿ ಯೇಲ್ ವಿಶ್ವವಿದ್ಯಾಲಯವು ಪ್ರತಿಷ್ಠಿತವಾದ ಸಿಲಿಮನ್ ಉಪನ್ಯಾಸಮಾಲೆಗೆ ಅವರನ್ನು ಆಹ್ವಾನಿಸಿತು. ೧೯೫೬ರ ವಸಂತದಲ್ಲಿ ನೀಡಬೇಕಾಗಿದ್ದ ಈ ಉಪನ್ಯಾಸಗಳಿಗೆ ಗಣಕಯಂತ್ರ ಮತ್ತು ಮಿದುಳನ್ನು ವಿಷಯವಾಗಿ ಆರಿಸಿಕೊಂಡು ಬರವಣಿಗೆ ಆರಂಭಿಸಿದರು. ಅಪೂರ್ಣವಾಗಿಯೇ ಉಳಿದ ಈ ಬರಹವನ್ನು ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯವು ೧೯೫೮ರಲ್ಲಿ, ಕ್ಲಾರಾ ಅವರ ಮುನ್ನುಡಿಯೊಡನೆ ಪ್ರಕಟಿಸಿತು.

ಗ್ರಂಥದ ಮೊದಲ ಭಾಗ ಗಣಕಯಂತ್ರವನ್ನು, ಎರಡನೆಯ ಭಾಗ ಮಿದುಳನ್ನು ಕುರಿತದ್ದು. ಅದರ ಮುಖ್ಯ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

ಶಕ್ತಿಬಳಕೆ: ಮಿದುಳಿನಲ್ಲಿ ಸುಮಾರು ಒಂದು ಸಾವಿರ ಕೋಟಿ ನರಕೋಶಗಳಿದ್ದು, ಅವೆಲ್ಲ ಸೇರಿ ಸುಮಾರು ೧೦ ವ್ಯಾಟ್ ಬಳಸುತ್ತವೆಂದು ಅವರು ಅಂದಾಜಿಸಿದರು. ಅಂದರೆ ಒಂದು ನರಕೋಶದ ಪಾಲಿಗೆ ವ್ಯಾಟ್‌ನ ನೂರು ಕೋಟಿಯಲ್ಲಿ ಒಂದು ಭಾಗ. ಆಗಿನ ಒಂದು ನಿರ್ವಾತ ನಳಿಕೆಯು ೫ರಿಂದ ೧೦ ವ್ಯಾಟ್, ಹೊಸದಾಗಿ ಬಂದಿದ್ದ ಟ್ರಾನ್ಸಿಸ್ಟರ್ ವ್ಯಾಟ್‌ನ ಹತ್ತನೆಯ ಒಂದು ಭಾಗ ಬಳಸುತ್ತಿದ್ದವು. ಹೀಗೆ ನಿಸರ್ಗದ ಘಟಕವು ಮನುಷ್ಯನ ಘಟಕಕ್ಕಿಂತ ಹತ್ತು ಕೋಟಿಯಿಂದ ನೂರು ಕೋಟಿ ಪಟ್ಟು ಮಿತವ್ಯಯಿ. ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿದ್ದು ಅದು ಸುಮಾರು ೨೦ ವ್ಯಾಟ್ ಬಳಸುತ್ತದೆ ಎಂಬುದು ಇಂದಿನ ಅಂದಾಜು.

ವೇಗ ಮತ್ತು ಏಕಕಾಲಿಕತೆ: ನರಕೋಶವು ನಳಿಕೆಗಿಂತ ಸಾವಿರಾರು ಪಟ್ಟು ನಿಧಾನ. ಆದರೂ ಲಕ್ಷಾಂತರ ನರಕೋಶಗಳು ಒಟ್ಟಿಗೇ ದುಡಿಯುತ್ತವೆ. ಯಂತ್ರವು ಕೆಲವೇ ವೇಗದ ಘಟಕಗಳಿಂದ ಒಂದಾದ ಮೇಲೊಂದರಂತೆ ಕೆಲಸ ಮಾಡಿದರೆ, ಮಿದುಳು ಅಸಂಖ್ಯ ನಿಧಾನ ಘಟಕಗಳಿಂದ ಏಕಕಾಲದಲ್ಲಿ ಕೆಲಸ ಮಾಡುತ್ತದೆ.

ನಿಖರತೆ: ಯಂತ್ರವು ಹತ್ತು ಹನ್ನೆರಡು ಅಂಕಿಗಳ ನಿಖರತೆಯಿಂದ ಲೆಕ್ಕ ಮಾಡುತ್ತದೆ. ನರಗಳಲ್ಲಿ ಎರಡು ಮೂರು ಅಂಕಿಗಳಿಗಿಂತ ಹೆಚ್ಚಿನ ನಿಖರತೆ ಸಾಧ್ಯವಿಲ್ಲ. ನರದ ಮಿಡಿತವು ಇದೆ ಅಥವಾ ಇಲ್ಲ ಎಂಬ ರೀತಿಯದಾದರೂ, ಮಿಡಿತಗಳು ಎಷ್ಟು ಬೇಗ ಬೇಗ ಬರುತ್ತವೆ ಎಂಬುದರಲ್ಲಿ ಅಳತೆ ಅಡಗಿರುತ್ತದೆ. ಕಡಿಮೆ ನಿಖರತೆಯಿಂದಲೇ ಮಿದುಳು ಭರವಸೆಯ ಫಲಿತಾಂಶ ಪಡೆಯುತ್ತಿರುವುದರಿಂದ, ಅದರ ಒಳಗಿನ ಭಾಷೆಯು ನಾವು ಬಳಸುವ ಗಣಿತದ ಭಾಷೆಗಿಂತ ಬೇರೆಯೇ ಇರಬೇಕೆಂಬ ತೀರ್ಮಾನಕ್ಕೆ ಅವರು ಬಂದರು. ಗ್ರಂಥವು ಈ ವಿಚಾರದ ಬಳಿಯೇ ನಿಂತುಹೋಗುತ್ತದೆ.

ಕೊನೆಯ ದಿನಗಳು

ವಾನ್ ನ್ಯೂಮನ್ ೧೯೫೫ರ ಮಾರ್ಚ್‌ನಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾಗಿ ಅಧಿಕಾರ ವಹಿಸಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ೧೯೫೬ರ ಆರಂಭದ ವೇಳೆಗೆ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಆ ಸ್ಥಿತಿಯಲ್ಲಿಯೇ ಅಧ್ಯಕ್ಷ ಐಸೆನ್‌ಹೋವರ್ ಅವರಿಂದ ಸ್ವಾತಂತ್ರ್ಯ ಪದಕವನ್ನು ಸ್ವೀಕರಿಸಿದರು. ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಆಸ್ಪತ್ರೆಗೆ ದಾಖಲಾದರು. ಸಿಲಿಮನ್ ಉಪನ್ಯಾಸದ ಹಸ್ತಪ್ರತಿಯನ್ನು ಜೊತೆಗೆ ಕೊಂಡೊಯ್ದಿದ್ದರೂ ಅದನ್ನು ಮುಂದುವರಿಸುವ ಚೈತನ್ಯ ಉಳಿದಿರಲಿಲ್ಲ.

ಕಾಯಿಲೆ ಬಲಿತಂತೆ ಅವರ ಬುದ್ಧಿಶಕ್ತಿಯೂ ಕುಗ್ಗತೊಡಗಿತು. ಏಳಕ್ಕೆ ನಾಲ್ಕು ಕೂಡುವಂತಹ ಚಿಕ್ಕ ಲೆಕ್ಕಗಳನ್ನು ಕೇಳಿ ತಮ್ಮನ್ನು ಪರೀಕ್ಷಿಸುವಂತೆ ಅವರು ಮಗಳನ್ನು ಕೇಳಿಕೊಂಡದ್ದನ್ನು ಮರೀನಾ ಮುಂದೆ ನೆನಪಿಸಿಕೊಂಡಿದ್ದಾರೆ. ಮಿದುಳಿನ ಲೆಕ್ಕಾಚಾರವನ್ನು ಅರಿಯಲು ಹೊರಟವರಿಗೆ ತಮ್ಮ ಮಿದುಳೇ ಕೈಬಿಡುತ್ತಿರುವ ಅರಿವು ಅತ್ಯಂತ ನೋವಿನದಾಗಿತ್ತು. ೧೯೫೭ರ ಫೆಬ್ರವರಿ ೮ರಂದು, ೫೩ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಪ್ರಿನ್ಸ್‌ಟನ್‌ನಲ್ಲಿ ಅವರ ಸಮಾಧಿ ಇದೆ.

ಮಿದುಳಿನ ಮಾದರಿಯ ಯಂತ್ರಾಂಶ

ವಾನ್ ನ್ಯೂಮನ್ ನಿಧನಾನಂತರ ಟ್ರಾನ್ಸಿಸ್ಟರ್‌ಗಳು ಅತಿ ಸೂಕ್ಷ್ಮವಾಗಿ, ಪ್ರತಿ ಘಟಕದ ಶಕ್ತಿಬಳಕೆಯೂ ಅಪಾರವಾಗಿ ಇಳಿಯಿತು. ಆದರೆ ವಿನ್ಯಾಸದ ಸಮಸ್ಯೆಯೊಂದು ಉಳಿಯಿತು. ಲೆಕ್ಕದ ಭಾಗಕ್ಕೂ ಸ್ಮೃತಿಗೂ ನಡುವೆ ಪ್ರತಿಯೊಂದು ದತ್ತಾಂಶವೂ ಇಕ್ಕಟ್ಟಾದ ದಾರಿಯಲ್ಲಿ ಓಡಾಡಬೇಕು. ಜಾನ್ ಬ್ಯಾಕಸ್ ಅವರು ೧೯೭೭ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನು ಸೀಸೆಯ ಕಿರಿದಾದ ಕುತ್ತಿಗೆಗೆ ಹೋಲಿಸಿ, ವಾನ್ ನ್ಯೂಮನ್ ಅವರ ಹೆಸರಿನಿಂದಲೇ ಕರೆದರು. ಇಂದಿನ ಚಿಪ್‌ಗಳಲ್ಲಿ ಎರಡು ಸಂಖ್ಯೆಗಳನ್ನು ಕೂಡಲು ತಗಲುವ ಶಕ್ತಿಗಿಂತ ಅವುಗಳನ್ನು ಹೊರಗಿನ ಸ್ಮೃತಿಯಿಂದ ತರಲು ತಗಲುವ ಶಕ್ತಿ ನೂರಾರು ಪಟ್ಟು ಹೆಚ್ಚು. ಕೃತಕ ಬುದ್ಧಿಮತ್ತೆಯ ದೊಡ್ಡ ಮಾದರಿಗಳಲ್ಲಿ ಕೋಟ್ಯಂತರ ಸಂಖ್ಯೆಗಳನ್ನು ಮತ್ತೆ ಮತ್ತೆ ಹೀಗೆ ಸಾಗಿಸಬೇಕಾಗುವುದರಿಂದ ವಿದ್ಯುತ್ತಿನ ವೆಚ್ಚ ಏರುತ್ತದೆ.

ಮಿದುಳಿನಲ್ಲಿ ಇಂತಹ ಸಾಗಾಟವಿಲ್ಲ. ನರಕೋಶಗಳ ನಡುವಿನ ಸಂಧಿಗಳೇ ಅನುಭವವನ್ನು ಉಳಿಸಿಕೊಳ್ಳುತ್ತವೆ, ಸಂಕೇತವನ್ನು ಸಂಸ್ಕರಿಸುವುದೂ ಅಲ್ಲಿಯೇ. ಜೊತೆಗೆ ಸಂಕೇತ ಬಂದಾಗ ಮಾತ್ರ ನರಕೋಶವು ಮಿಡಿಯುತ್ತದೆ. ಉಳಿದ ಹೊತ್ತು ಬಹುಮಟ್ಟಿಗೆ ಸುಮ್ಮನಿರುತ್ತದೆ. ಈ ಎರಡು ಗುಣಗಳನ್ನು ಸಿಲಿಕಾನ್‌ನಲ್ಲಿ ಅಳವಡಿಸುವ ಪ್ರಯತ್ನವನ್ನು ಕ್ಯಾಲಿಫೋರ್ನಿಯಾದ ಕಾರ್ವರ್ ಮೀಡ್ ಅವರು ೧೯೮೦ರ ದಶಕದಲ್ಲಿ ಆರಂಭಿಸಿದರು. ಇಂತಹ ಯಂತ್ರಾಂಶಕ್ಕೆ ‘ನ್ಯೂರೋಮಾರ್ಫಿಕ್’ ಎಂಬ ಹೆಸರು ಬಂದದ್ದೂ ಅವರಿಂದಲೇ. ಅವರ ವಿದ್ಯಾರ್ಥಿನಿ ಮಿಶಾ ಮಹೋವಾಲ್ಡ್ ಕಣ್ಣಿನ ಅಕ್ಷಿಪಟಲದಂತೆ ಕೆಲಸ ಮಾಡುವ ಚಿಪ್ ರೂಪಿಸಿದರು.

೨೦೧೪ರಲ್ಲಿ ಐಬಿಎಂ ಸಂಸ್ಥೆಯು ಪ್ರಕಟಿಸಿದ ‘ಟ್ರೂನಾರ್ತ್’ ಚಿಪ್‌ನಲ್ಲಿ ೧೦ ಲಕ್ಷ ಕೃತಕ ನರಕೋಶಗಳೂ ೨೫.೬ ಕೋಟಿ ಸಂಧಿಗಳೂ ಇದ್ದವು. ಅದು ಬಳಸುತ್ತಿದ್ದದ್ದು ವ್ಯಾಟ್‌ನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಇಂಟೆಲ್ ಸಂಸ್ಥೆಯ ‘ಲೋಯಿಹಿ’ (೨೦೧೭), ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಫರ್ಬರ್ ಅವರ ನೇತೃತ್ವದ ‘ಸ್ಪಿನೇಕರ್’ ಇದೇ ಬಗೆಯ ಪ್ರಯತ್ನಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಸಾವಯವ ಅಣುಗಳ ತೆಳುಪದರದಲ್ಲಿ ೧೬,೫೦೦ ಬೇರೆ ಬೇರೆ ಸ್ಥಿತಿಗಳನ್ನು ಉಳಿಸಿಕೊಂಡು ಅಲ್ಲಿಯೇ ಲೆಕ್ಕವನ್ನೂ ಮಾಡಬಲ್ಲ ಸಾಧನವನ್ನು ೨೦೨೪ರಲ್ಲಿ ವರದಿ ಮಾಡಿದ್ದಾರೆ. ಇಂತಹ ಯಂತ್ರಾಂಶಗಳು ಬಹುಮಟ್ಟಿಗೆ ಇನ್ನೂ ಪ್ರಯೋಗದ ಹಂತದಲ್ಲಿವೆ. ಕೃತಕ ಬುದ್ಧಿಮತ್ತೆಯ ಬಹುಪಾಲು ಕೆಲಸವು ಇಂದಿಗೂ ಸ್ಮೃತಿ ಮತ್ತು ಲೆಕ್ಕದ ಭಾಗಗಳು ಬೇರೆಯಾಗಿರುವ ಯಂತ್ರಗಳಲ್ಲಿಯೇ ನಡೆಯುತ್ತಿದೆ.

ಗೌರವ ಮತ್ತು ಮೌಲ್ಯಮಾಪನ

೧೯೫೬ರಲ್ಲಿ ಅವರಿಗೆ ಎನ್ರಿಕೊ ಫರ್ಮಿ ಪ್ರಶಸ್ತಿ ದೊರೆಯಿತು. ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರಿಡಲಾಗಿದೆ. ಗಣಕ ಕ್ಷೇತ್ರದ ಸಾಧಕರಿಗೆ ಅವರ ಹೆಸರಿನ ಪದಕವನ್ನು ನೀಡಲಾಗುತ್ತದೆ. ಸ್ವಯಂ ಪುನರುತ್ಪಾದಿಸುವ ಯಂತ್ರಗಳ ಕುರಿತ ಅವರ ಅಪೂರ್ಣ ಬರಹಗಳನ್ನು ಆರ್ಥರ್ ಬರ್ಕ್ಸ್ ಪೂರ್ಣಗೊಳಿಸಿ ೧೯೬೬ರಲ್ಲಿ ಪ್ರಕಟಿಸಿದರು.

ವಾನ್ ನ್ಯೂಮನ್ ಅವರ ಹೆಸರನ್ನು ಇಂದು ಗಣಕಯಂತ್ರದ ಒಂದು ಇತಿಮಿತಿಯೊಡನೆ ಸೇರಿಸಿ ಹೇಳುವುದೇ ಹೆಚ್ಚು. ೧೯೪೫ರಲ್ಲಿ ದುಬಾರಿ ನಳಿಕೆಗಳನ್ನು ಆದಷ್ಟು ಕಡಿಮೆ ಬಳಸಿ ಯಂತ್ರ ಕಟ್ಟಬೇಕಾಗಿದ್ದಾಗ ಆ ವಿನ್ಯಾಸವು ಯುಕ್ತವಾದ ಪರಿಹಾರವಾಗಿತ್ತು. ಅದನ್ನೇ ಅಂತಿಮವೆಂದು ಭಾವಿಸದೆ, ನಿಸರ್ಗದ ಯಂತ್ರವು ಎಷ್ಟು ಮುಂದಿದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿದವರೂ ಅವರೇ. ಶಕ್ತಿಯ ಉಳಿತಾಯಕ್ಕಾಗಿ ಮಿದುಳಿನ ಮಾದರಿಯನ್ನು ಅನುಸರಿಸುತ್ತಿರುವ ಇಂದಿನ ಸಂಶೋಧನೆಯು ಆ ಅಪೂರ್ಣ ಗ್ರಂಥದ ಪ್ರಶ್ನೆಗಳನ್ನೇ ಮುಂದುವರಿಸುತ್ತಿದೆ.